ಬಾಣಲೆ ಕಾಯಲಿ, ಆಮೇಲೆ ಚಿಕನ್

ಪ್ರೀತಿಯ ಗೆಳೆಯಾ,

ಚೈನೀಸ್ ಚಿಕನ್ ಸ್ಟರ್ ಫ್ರೈ ಮಾಡಿದೆ, ತರಕಾರಿ ನೀರು ಬಿಟ್ಟು ಮೆತ್ತಗಾಯಿತು, ಚಿಕನ್ ರಬ್ಬರಿನ ಹಾಗಾಯಿತು ಅಂತ ಬರೆದಿದ್ದೀಯ. ಬೇರೆ ಸಾಸ್ ತರಬೇಕಾ ಅಂತ ಕೇಳಿದ್ದೀಯ. ಸಾಸ್ ತಂಟೆಗೆ ಹೋಗಬೇಡ. ಎಲ್ಲ ಕಿತಾಪತಿ ನೀರಿನದು. ನೀರು ನಿಂತ ಕಡೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕೆಂಪಗಾಗಿ ಘಮ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ಅಂದರೆ ನಿನ್ನ ಚಿಕನ್ ಹುರಿದಿಲ್ಲ, ಬೆಂದಿದೆ ಅಷ್ಟೆ.

ಹಾಗಾಗಿ ತರಕಾರಿ ತೊಳೆದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸು. ಚಿಕನ್ನೂ ಅಷ್ಟೇ, ಪಸೆ ಇರಬಾರದು. ಎದೆ ಭಾಗವಾದರೆ ಅರ್ಧ ಗಂಟೆ ಫ್ರೀಜರ್‌ನಲ್ಲಿಡು. ಸ್ವಲ್ಪ ಗಟ್ಟಿಯಾದರೆ ಚಾಕು ಜಾರದೆ ತೆಳ್ಳಗೆ ಕೊಯ್ಯಬಹುದು. ಮಾಂಸದ ಎಳೆ ಯಾವ ಕಡೆ ಹೋಗಿದೆ ನೋಡಿ, ಅದಕ್ಕೆ ಅಡ್ಡವಾಗಿ ಕೊಯ್ಯಿ. ಎಳೆ ಚಿಕ್ಕದಾದಷ್ಟೂ ಅಗಿಯಲು ಸುಲಭ.

ಈಗ ನನಗೆ ತುಂಬಾ ಇಷ್ಟವಾದ ಕೆಲಸ. ಚೀನಾದ ಬಾಣಸಿಗರು ಚಿಕನ್ನನ್ನು ಬರೀ ಮೈಯಲ್ಲಿ ಬಾಣಲೆಗೆ ಹಾಕುವುದೇ ಅಪರೂಪ. 300 ಗ್ರಾಂ ಚಿಕನ್‌ಗೆ ಎರಡು ಚಮಚ ಸೋಯಾ ಸಾಸ್, ಎರಡು ಚಮಚ ಕಾರ್ನ್ ಫ್ಲೋರ್, ಒಂದು ಚಮಚ ಎಣ್ಣೆ, ಎಲ್ಲಾ ಟೀ ಚಮಚದ ಲೆಕ್ಕ. ಕೈಯಲ್ಲೇ ಕಲಸು. ಮೊದಲು ಅಂಟಂಟಾಗುತ್ತೆ, ಆಮೇಲೆ ಒಂದೊಂದು ಚೂರಿನ ಮೇಲೂ ನುಣ್ಣನೆಯ ಪದರ ಕೂರುತ್ತದೆ. ಇಪ್ಪತ್ತು ನಿಮಿಷ ಬಿಡು. ಒಳಗಿನ ರಸ ಹೊರಗೆ ಓಡಿಹೋಗದಂತೆ ತಡೆಯುವುದು ಆ ಪದರವೇ. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡ.

ಒಲೆ ಹಚ್ಚುವ ಮೊದಲು ಎಲ್ಲವೂ ಕೈಗೆ ಸಿಗುವ ಹಾಗಿರಲಿ. ಆಮೇಲೆ ಹೆಚ್ಚುತ್ತಾ ಕೂರಲು ಪುರುಸೊತ್ತಿರುವುದಿಲ್ಲ. ಕಬ್ಬಿಣದ ಬಾಣಲೆ ಇದ್ದರೆ ಒಳ್ಳೆಯದು. ನಾನ್‌ಸ್ಟಿಕ್ ಅನ್ನು ಖಾಲಿಯಾಗಿ ಅಷ್ಟು ಕಾಯಿಸಬಾರದು. ದೊಡ್ಡ ಉರಿಯಲ್ಲಿ ಕಾದು ಸಣ್ಣಗೆ ಹೊಗೆ ಬಂದಾಗ ಎಣ್ಣೆ ಹಾಕಿ, ಅರ್ಧದಷ್ಟೇ ಚಿಕನ್ ಹರಡು. ಒಂದು ನಿಮಿಷ ಮುಟ್ಟಬೇಡ. ಕೈ ತಡೆಯುವುದಿಲ್ಲ, ಗೊತ್ತು. ಆದರೂ ಸುಮ್ನೆ ಬಿಡು. ತಳ ಕೆಂಪಗಾದ ಚೂರು ತಾನೇ ಬಿಟ್ಟುಕೊಳ್ಳುತ್ತದೆ. ಮಗುಚಿ, ಒಳಗೆಲ್ಲೂ ಗುಲಾಬಿ ಬಣ್ಣ ಉಳಿಯದಂತೆ ಬೇಯಿಸಿ ತೆಗೆ. ಹಸಿ ಚಿಕನ್ ಇಟ್ಟಿದ್ದ ಪಾತ್ರೆಗೆ ಮಾತ್ರ ಹಾಕಬೇಡ. ಉಳಿದರ್ಧವನ್ನೂ ಹಾಗೇ ಮಾಡು. ಎಲ್ಲ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ಮತ್ತೆ ನೀರೇ. ಹೋಟೆಲಿನ ಒಲೆಯ ಉರಿ ಮನೆಯಲ್ಲಿ ಎಲ್ಲಿಂದ ಬರಬೇಕು, ಅಲ್ವಾ?

ಇನ್ನಷ್ಟು ಎಣ್ಣೆ, ಶುಂಠಿ, ಬೆಳ್ಳುಳ್ಳಿ. ಹತ್ತು ಸೆಕೆಂಡು ಸಾಕು, ಬೆಳ್ಳುಳ್ಳಿ ಕರಕಲಾದರೆ ಕಹಿ. ಮೊದಲು ಕ್ಯಾರೆಟ್, ಬೀನ್ಸ್. ಆಮೇಲೆ ಕ್ಯಾಪ್ಸಿಕಂ, ಕೊನೆಗೆ ಸ್ಪ್ರಿಂಗ್ ಆನಿಯನ್. ಬ್ರಾಕೊಲಿ ಇದ್ದರೆ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಪೂರ್ತಿ ಬಸಿದು ಹಾಕು. ಅಣಬೆ ಜಾಸ್ತಿ ನೀರು ಬಿಡುತ್ತೆ, ಬೇರೆಯಾಗಿ ಹುರಿದುಕೋ.

ಚಿಕನ್ ವಾಪಸ್ ಹಾಕಿ, ಒಂದು ದೊಡ್ಡ ಚಮಚ ಸೋಯಾ ಸಾಸನ್ನು ಬಾಣಲೆಯ ಅಂಚಿನಿಂದ ಇಳಿಬಿಡು. ಬಿಸಿ ಗೋಡೆಗೆ ತಾಗಿ ಚುಂಯ್ ಅಂದು ಬರುವ ಆ ಕಮ್ಮನೆ ವಾಸನೆಗೇ ನಾನು ಇದನ್ನು ಮಾಡುವುದು. ಮೂರು ಚಮಚ ನೀರಿಗೆ ಒಂದು ಚಮಚ ಕಾರ್ನ್ ಫ್ಲೋರ್ ಕಲಸಿದ್ದನ್ನು ಮತ್ತೊಮ್ಮೆ ಕದಡಿ ಹಾಕು, ಹಿಟ್ಟು ತಳಕ್ಕೆ ಕೂತಿರುತ್ತದೆ. ಒಂದು ಕುದಿ ಬಂದು ಹೊಳಪು ಬಂದರೆ ಆಯಿತು. ಉಪ್ಪನ್ನು ರುಚಿ ನೋಡಿಯೇ ಹಾಕು, ಸಾಸಿನಲ್ಲೇ ಸಾಕಷ್ಟಿದೆ. ಒಲೆ ಆರಿಸಿ ನಾಲ್ಕು ಹನಿ ಎಳ್ಳೆಣ್ಣೆ, ಹುರಿದ ಎಳ್ಳಿನದು.

ಅನ್ನ ಮೊದಲೇ ಆಗಿರಲಿ. ಬಾಣಲೆಯಿಂದ ನೇರ ತಟ್ಟೆಗೆ ಬಡಿಸಿಕೋ, ಮುಚ್ಚಿಟ್ಟರೆ ತರಕಾರಿ ಮತ್ತೆ ಮೆತ್ತಗಾಗುತ್ತದೆ. ಈ ವಾರವೇ ಮಾಡು, ಹೇಗೆ ಬಂತು ಅಂತ ಬರಿ.

ನಿನ್ನ ಗೆಳೆಯ