ಅಂಚಿನಲ್ಲಿ ಬರೆದ ಸಾಲು

ಖಡಕಿ, ಪುಣೆ

ಪ್ರೀತಿಯ ಸವಿತಾಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಬಂತು. ಮೂರು ಹಾಳೆ. ನಿಮ್ಮತ್ತೆಯ ಮಂಡಿನೋವು, ಹೊಲದ ಜೋಳ, ಪುಟ್ಟಿಯನ್ನು ಅಂಗನವಾಡಿಗೆ ಹಾಕಿದ್ದು, ಎಲ್ಲ ಓದಿದೆ. ಕೊನೆಯ ಹಾಳೆಯ ಅಂಚಿನಲ್ಲಿ, ಹಾಳೆಯನ್ನು ಅಡ್ಡ ತಿರುಗಿಸಿ, ಇರುವೆ ಸಾಲಿನ ಹಾಗೆ ಸಣ್ಣಗೆ ಒಂದು ಮಾತು ಬರೆದಿದ್ದೀಯಲ್ಲ, ‘ದೊಡ್ಡವ್ವಾ, ರಾತ್ರಿ ಅವರ ಪಕ್ಕದಲ್ಲಿ ಮಲಗಲು ನನಗೆ ಹೆದರಿಕೆ ಆಗುತ್ತದೆ’ ಎಂದು. ಅದನ್ನು ಓದಿದ ಮೇಲೆ ಜೋಳವೂ ನೆನಪಿಲ್ಲ, ಮಂಡಿನೋವೂ ನೆನಪಿಲ್ಲ. ನಾಲ್ಕು ದಿನದಿಂದ ಆ ಸಾಲನ್ನೇ ಓದುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ನೀನು ಈ ಕಾಲದಲ್ಲೂ ಕಾಗದ ಬರೆದಿದ್ದೀ ಎಂದರೆ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ ಎಂದು ತಿಳಿಯಿತು. ಅದಕ್ಕೇ ನಾನೂ ಪೆನ್ನು ಹಿಡಿದು ಕೂತೆ.

ಗಂಡನಿಗೆ ಹೆದರಿದೆ ಎಂದು ನೀನು ಕೆಟ್ಟ ಹೆಂಡತಿ ಆಗುವುದಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ನಾನೂ ಹೆದರಿದ್ದೆ. ಹನ್ನೊಂದು ವರ್ಷ ಹೆದರಿದ್ದೆ. ಯಾರಿಗೂ ಹೇಳಲಿಲ್ಲ, ನಿಮ್ಮವ್ವನಿಗೂ ಹೇಳಲಿಲ್ಲ.

ದೊಡ್ಡಪ್ಪ ಸೈನ್ಯದ ಜೊತೆ ಶ್ರೀಲಂಕಾಕ್ಕೆ ಹೋದದ್ದು, ಬಂದದ್ದು, ನಿನ್ನ ಅಕ್ಕನ ಮದುವೆಯಲ್ಲಿ ಪಂಕ್ತಿಯಿಂದ ಎದ್ದು ಹೋದದ್ದು, ಇದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಮತ್ತೆ ಬರೆಯುವುದಿಲ್ಲ. ಯಾರಿಗೂ ಗೊತ್ತಿಲ್ಲದ್ದು ಒಂದಿದೆ.

ಅವರು 1989ರ ಕೊನೆಯಲ್ಲಿ ಜಾಫ್ನಾದಿಂದ ಬಂದರು. ಅಲ್ಲಿ ಅವರದು ಮೈನ್, ಅಂದರೆ ಮಣ್ಣಿನಡಿ ಹೂತಿಟ್ಟ ಬಾಂಬು, ಹುಡುಕಿ ತೆಗೆಯುವ ಕೆಲಸ. ಬಂದು ಒಂದು ವಾರ ಆಗಿತ್ತು. ಚಳಿ. ರಾತ್ರಿ ಕೌದಿ ಜಾರಿತ್ತು, ಹೊದಿಸೋಣ ಎಂದು ಬಗ್ಗಿದೆ. ಅವರ ಕೈ ನನ್ನ ಕುತ್ತಿಗೆಗೆ ಬಂತು. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ಆಮೇಲೆ ಕೈ ಸಡಿಲಾಯಿತು. ಅವರು ಎದ್ದು ನೀರು ಕುಡಿದರು, ಚಾಪೆ ಸುತ್ತಿಕೊಂಡು ವರಾಂಡಕ್ಕೆ ಹೋದರು. ಬೆಳಿಗ್ಗೆ ನಾನು ಕುತ್ತಿಗೆಗೆ ಸೆರಗು ಸುತ್ತಿಕೊಂಡು ನಲ್ಲಿಯ ಹತ್ತಿರ ನೀರಿಗೆ ನಿಂತೆ. ಅವರು ಏನೂ ಹೇಳಲಿಲ್ಲ. ನಾನು ಏನೂ ಕೇಳಲಿಲ್ಲ. ಅವತ್ತಿನಿಂದ ಅವರ ಚಾಪೆ ವರಾಂಡದಲ್ಲೇ ಉಳಿಯಿತು. ಮಳೆ ಬಂದರೂ ಅಲ್ಲೇ.

ನಿನಗೂ ಹೀಗೇ ಏನೋ ಆಗಿದೆ, ಅಲ್ವಾ? ನೀನು ಬರೆದಿಲ್ಲ. ಆದರೂ ಆಗಿದೆ ಅನ್ನಿಸುತ್ತಿದೆ.

ಒಂದು ಸಣ್ಣ ವಿಷಯ. ಮಲಗಿದ್ದಾಗ ಅವರನ್ನು ಮುಟ್ಟಿ ಎಬ್ಬಿಸಬೇಡ. ಕಾಲಿನ ಕಡೆ, ಕೈಗೆ ಸಿಗದಷ್ಟು ದೂರ ನಿಂತು ಹೆಸರು ಹಿಡಿದು ಕರೆ. ಗಂಡನ ಹೆಸರು ಹೇಳಬಾರದು ಎಂದು ನಿಮ್ಮತ್ತೆ ಅಂದರೆ ಅನ್ನಲಿ. ದೀಪ ಹಾಕಿ ಕರೆ. ನಾನು ಇದನ್ನು ಕಲಿತದ್ದು ತುಂಬ ತಡವಾಗಿ.

ಇಲ್ಲಿ ಮಳೆಗಾಲ ಮುಗಿದ ಮೇಲೆ ಪೈಪು, ಕೇಬಲ್ಲು ಅಂತ ರಸ್ತೆ ಅಗೆದು ಮಣ್ಣು ಮುಚ್ಚಿರುತ್ತಾರೆ. ದೊಡ್ಡಪ್ಪ ಆ ಹೊಸ ಮಣ್ಣಿನ ಮೇಲೆ ಕಾಲಿಡುತ್ತಿರಲಿಲ್ಲ. ಹಾಲು ತರಲು ಹೋದವರು ಎರಡು ಗಲ್ಲಿ ಸುತ್ತು ಹಾಕಿ ಬರುತ್ತಿದ್ದರು. ‘ಏನಿದು ನಾಟಕ’ ಎಂದು ಎಷ್ಟೋ ಸಲ ಗದರಿದ್ದೇನೆ. ಸಂಜೆ ಹೊತ್ತು ಇಲ್ಲಿನ ಯುದ್ಧ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದರು. ಎರಡನೇ ಮಹಾಯುದ್ಧದ ಗೋರಿಗಳೇ ಅಲ್ಲಿ 1,600ಕ್ಕೂ ಜಾಸ್ತಿ ಇವೆ. ಸತ್ತವರ ನಡುವೆ ಯಾಕೆ ಕೂರುತ್ತೀರಿ ಎಂದು ಒಮ್ಮೆ ಕೇಳಿದೆ. ‘ಇಲ್ಲಿ ಹುಲ್ಲು ಒಂದೇ ಸಮ ಇದೆ. ಯಾರೂ ಅಗೆದಿಲ್ಲ’ ಎಂದರು. ಆ ಮಾತು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಊರಿಗೆ ಹೋದರೆ ಜನ ಕೇಳುತ್ತಿದ್ದದ್ದು ಎರಡೇ. ಎಷ್ಟು ಮಂದಿಯನ್ನು ಹೊಡೆದೆ? ಕ್ಯಾಂಟೀನಿನ ಬಾಟಲಿ ತಂದಿದ್ದೀಯಾ? ಶ್ರೀಲಂಕಾದ ಆ ಯುದ್ಧದಲ್ಲಿ ನಮ್ಮವರು ಸುಮಾರು 1,200 ಜನ ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದರಾಸಿಗೆ ಬಂದು ಇಳಿಯಿತು. ಆಗ ಮುಖ್ಯಮಂತ್ರಿಯೇ ಸ್ವಾಗತಕ್ಕೆ ಹೋಗಲಿಲ್ಲ ಎಂದು ಪೇಪರಿನಲ್ಲಿ ಬಂತು. ದೊಡ್ಡಪ್ಪ ಆ ಪೇಪರನ್ನು ಮಡಿಚಿ ಕಪ್ಪು ಟ್ರಂಕಿನ ಅಡಿಗೆ ಹಾಸಿದರು. ಈಗಲೂ ಅದು ಅಲ್ಲೇ ಇದೆ.

ಆಮೇಲೆ 1999 ಬಂತು. ಕಾರ್ಗಿಲ್. ಯುದ್ಧ ಟಿವಿಯಲ್ಲಿ ಬಂತು. 527 ಜನ ಹುತಾತ್ಮರಾದರು. ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಸೈನಿಕ ಬೇಕಾದ. ಆ ವರ್ಷ ನಮ್ಮ ಗಲ್ಲಿಯ ಗಣಪತಿ ಮಂಡಳಿಯವರು ಬಂದು, ಕಾಕಾ, ನಿಮಗೆ ಸನ್ಮಾನ ಅಂದರು. ಅವರಿಗೆ ಇಷ್ಟ ಇರಲಿಲ್ಲ. ನಾನೇ ಒತ್ತಾಯ ಮಾಡಿದೆ. ಮೆಡಲು ತೆಗೆದು ಒರೆಸಿ ಕೊಟ್ಟೆ. ಹತ್ತು ವರ್ಷ ಯಾರೂ ಕೇಳದಿದ್ದವರನ್ನು ಕರೆಯುತ್ತಿದ್ದಾರಲ್ಲ ಎಂಬ ಆಸೆ ನನಗೆ. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಹಿಂದೆ ಯಾರೋ ಹುಡುಗರು ಸುತಲಿ ಬಾಂಬ್ ಪಟಾಕಿ ಹಚ್ಚಿದರು. ಅವರು ವೇದಿಕೆಯ ಮೇಲೆ ಅಂಗಾತ ಅಲ್ಲ, ಬೋರಲು ಬಿದ್ದು, ಪಕ್ಕದಲ್ಲಿದ್ದ ಚಿಕ್ಕ ಹುಡುಗನನ್ನು ಎಳೆದು ಮೈ ಅಡಿಗೆ ಹಾಕಿಕೊಂಡರು. ಆ ಹುಡುಗ ಕಿರುಚಿದ. ಜನ ಮೊದಲು ಸುಮ್ಮನಾದರು, ಆಮೇಲೆ ನಕ್ಕರು.

ಸವಿತಾ, ಜನ ನಕ್ಕದ್ದು ನನಗೆ ಈಗ ಅಷ್ಟು ನೋವಾಗುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಾನು ಮನೆಗೆ ಕರೆತಂದು ಬಾಗಿಲು ಹಾಕಿ, ‘ಎಲ್ಲರ ಮುಂದೆ ಮಾನ ಕಳೆದಿರಿ’ ಎಂದೆ. ಅವರು ಶಾಲನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು ವರಾಂಡಕ್ಕೆ ಹೋದರು. ಆ ಹುಡುಗನನ್ನು ಕಾಪಾಡಲು ಬಿದ್ದರು ಎಂದು ನನಗೆ ಹೊಳೆದದ್ದು ಎರಡು ವರ್ಷ ಆದ ಮೇಲೆ. ಈ ಒಂದು ಮಾತನ್ನು ವಾಪಸು ತೆಗೆದುಕೊಳ್ಳಲು ಆಗಿದ್ದರೆ ಎಂದು ದಿನಾ ಅಂದುಕೊಳ್ಳುತ್ತೇನೆ.

ನಮ್ಮ ಊರ ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲು ನೆನಪಿದೆಯಾ? ನೀವೆಲ್ಲ ಚಿಕ್ಕವರಿದ್ದಾಗ ಅದರ ತಲೆಯ ಮೇಲೆ ಹುಣಸೆಕಾಯಿ ಜಜ್ಜುತ್ತಿದ್ದಿರಿ. ಕೆಳಗಿನ ಪಟ್ಟಿಯಲ್ಲಿ ವೀರ ಕತ್ತಿ ಹಿಡಿದು ಕಾದುತ್ತಿದ್ದಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಮನೆಗೆ ವಾಪಸು ಬಂದವನಿಗೆ ಆ ಕಲ್ಲಿನಲ್ಲಿ ಜಾಗ ಇಲ್ಲ. ನಿಮ್ಮ ದೊಡ್ಡಪ್ಪನಂಥವರನ್ನು ಎಲ್ಲಿ ಕೂರಿಸಬೇಕು ಎಂದು ನಮ್ಮ ಜನಕ್ಕೆ ಯಾರೂ ಕಲಿಸಲಿಲ್ಲ. ನನಗೂ ಕಲಿಸಲಿಲ್ಲ.

ನೀನು ಬರೆದಿದ್ದೀ, ಡಾಕ್ಟರ್ ಮಾತೆತ್ತಿದರೆ ಮನೆಯಲ್ಲಿ ‘ಧಾರವಾಡಕ್ಕೆ ಕಳಿಸುತ್ತೀಯಾ’ ಎನ್ನುತ್ತಾರೆ ಎಂದು. ನಿಮ್ಮಲ್ಲಿ ಧಾರವಾಡ, ಇಲ್ಲಿ ಯೇರವಡಾ. ಹುಚ್ಚಾಸ್ಪತ್ರೆಯೂ ಅಲ್ಲೇ, ಜೈಲೂ ಅಲ್ಲೇ. ಹೆಸರು ಹೇಳಿದರೆ ಸಾಕು, ಜನ ಕಣ್ಣಲ್ಲೇ ನಗುತ್ತಾರೆ. ನಾನು ಹನ್ನೊಂದು ವರ್ಷ ಎಲ್ಲರಿಗೂ ‘ಅವರಿಗೆ ಬಿ.ಪಿ.’ ಎಂದೇ ಹೇಳಿದೆ.

ನಮ್ಮ ಅಳಿಯಂದಿರ ಹೆದರಿಕೆ ಬೇರೆ ಇದ್ದೀತು. ಇನ್ನೂ ಸರ್ವಿಸ್‌ನಲ್ಲಿರುವವರು. ಸೈನ್ಯದಲ್ಲಿ ಶೇಪ್ ಎಂದು ಆರೋಗ್ಯದ ಒಂದು ಲೆಕ್ಕ ಇದೆ, ಅದರ ಮೊದಲ ಅಕ್ಷರ ಮನಸ್ಸಿಗೆ ಸೇರಿದ್ದು. ಶೇಪ್-ಒನ್ ಇದ್ದರೆ ಎಲ್ಲ ಸರಿ. ಅದಕ್ಕಿಂತ ಕೆಳಗಿನ ಕೆಟಗರಿ ಹಾಕಿದರೆ ಪ್ರಮೋಷನ್ ಹೋಗುತ್ತದೆ, ಯೂನಿಟ್‌ನಲ್ಲಿ ಹೆಸರು ಕೆಡುತ್ತದೆ ಎಂದು ಹುಡುಗರು ಬಾಯಿ ಮುಚ್ಚಿಕೊಂಡು ಇರುತ್ತಾರೆ. ಆ ಹೆದರಿಕೆ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಕಾಶ್ಮೀರದ ಕುಪ್ವಾಡಾ ಕಡೆ ಎರಡು ವರ್ಷ ಇದ್ದು ಬಂದವರಿಗೆ ನಿದ್ದೆ ಬರುತ್ತಿಲ್ಲ ಎನ್ನುವುದನ್ನು ಎಷ್ಟು ದಿನ ಮುಚ್ಚಿಡಲು ಆಗುತ್ತದೆ?

ದೊಡ್ಡಪ್ಪನನ್ನು ನಾನು ಕರೆದುಕೊಂಡು ಹೋದೆ ಎಂದರೆ ಸುಳ್ಳಾಗುತ್ತದೆ. 2001ರಲ್ಲಿ ಅವರೇ ಬೇರೆ ಯಾವುದೋ ಮಾತ್ರೆಗೆ ಹೋಗಿದ್ದರು. ಚಿಕ್ಕ ವಯಸ್ಸಿನ ಡಾಕ್ಟರ್. ‘ಕಾಕಾ, ನಿದ್ದೆ ಹೇಗೆ ಬರುತ್ತದೆ?’ ಎಂದು ಕೇಳಿದರಂತೆ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮುಂದಿನ ವಾರ ನನ್ನನ್ನೂ ಕರೆಸಿದರು. ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಡಾಕ್ಟರ್, ಯಾಕೆ ಹೊರಗೆ ಮಲಗುತ್ತೀರಿ ಎಂದು ಕೇಳಿದರು. ದೊಡ್ಡಪ್ಪ ನೆಲ ನೋಡುತ್ತಾ, ‘ನನಗೆ ನನ್ನ ಕೈಗಳ ಹೆದರಿಕೆ ಸಾಬ್’ ಎಂದರು.

ನಾನು ಅವರಿಗೆ ಬೇಡವಾದೆ ಎಂದು ಹನ್ನೊಂದು ವರ್ಷ ಒಳಗೆ ಅಳುತ್ತಾ ಮಲಗಿದ್ದೆ. ಅವರು ಹೊರಗೆ ತಮ್ಮ ಕೈಗೆ ತಾವೇ ಹೆದರಿ ಮಲಗಿದ್ದರು. ನಡುವೆ ಒಂದು ಬಾಗಿಲು. ನನ್ನ ಹೆದರಿಕೆ ಅವರಿಗೆ ಹೇಳಿದ್ದರೆ ಅವರದೂ ನನಗೆ ಗೊತ್ತಾಗುತ್ತಿತ್ತು.

ನೀನು ಅಂಚಿನಲ್ಲಿ ಬರೆದದ್ದನ್ನು ಅವರಿಗೆ ಹೇಳು ಎಂದು ಹೇಳಲು ನನಗೆ ಧೈರ್ಯ ಸಾಲುತ್ತಿಲ್ಲ, ಆದರೂ ಹೇಳುತ್ತಿದ್ದೇನೆ. ರಾತ್ರಿ ಬೇಡ. ಹಗಲು, ಹೊಲದಲ್ಲಿ, ಏನಾದರೂ ಕೆಲಸ ಮಾಡುತ್ತಿರುವಾಗ ಹೇಳು. ‘ನಿಮಗೆ ಹೆದರುತ್ತೇನೆ’ ಎನ್ನುವುದು ಕಷ್ಟವಾದರೆ ‘ಅವತ್ತು ರಾತ್ರಿ ಹೆದರಿದೆ’ ಎನ್ನು.

ಆ ಡಾಕ್ಟರ್ ನಮಗೆ ತಿಳಿಸಿ ಹೇಳಿದರು. ಅಪಾಯದ ಜಾಗದಲ್ಲಿ ಜೀವ ಉಳಿಸಿದ ಎಚ್ಚರ ಮನೆಗೆ ಬಂದ ಮೇಲೂ ಇಳಿಯುವುದಿಲ್ಲ, ಮೈಗೆ ಯುದ್ಧ ಮುಗಿದದ್ದು ಗೊತ್ತಾಗುವುದಿಲ್ಲ ಎಂದರು. ಮೊದಲನೇ ಮಹಾಯುದ್ಧದಲ್ಲಿ ಇದನ್ನು ಶೆಲ್ ಶಾಕ್ ಎನ್ನುತ್ತಿದ್ದರಂತೆ. ಈಗಿನ ಹೆಸರು, ಪಿಟಿಎಸ್‌ಡಿ ಅನ್ನುವುದು, ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ ಬಂದದ್ದು. ಆ ಮೊದಲನೇ ಯುದ್ಧದಲ್ಲಿ ಬ್ರಿಟಿಷರು ‘ಓಡಿಹೋದರು, ಹೇಡಿಗಳು’ ಎಂದೆಲ್ಲ ಹೇಳಿ ತಮ್ಮದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿದ್ದರು. ಅವರಲ್ಲಿ ಎಷ್ಟೋ ಜನಕ್ಕೆ ಇದೇ ಕಾಯಿಲೆ ಇದ್ದೀತು. 2006ರಲ್ಲಿ ಅವರಿಗೆಲ್ಲ ಕ್ಷಮೆ ಕೊಟ್ಟರು ಎಂದು ನನ್ನ ಮಗ ಓದಿ ಹೇಳಿದಾಗ ದೊಡ್ಡಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ‘ಮನೆಯವರು ಯಾರಾದರೂ ಉಳಿದಿದ್ದಾರಾ ಕೇಳು’ ಎಂದರು.

ಮಾತ್ರೆ ಕೊಟ್ಟರೆ ಮಧ್ಯದಲ್ಲಿ ನಿಲ್ಲಿಸಬಾರದು. ಗುಣ ಕಾಣಲು ವಾರಗಳೇ ಬೇಕು. ಮೊದಲ ತಿಂಗಳು ನಾನೇ ‘ಇದರಿಂದ ಏನೂ ಆಗಿಲ್ಲ’ ಎಂದು ಬೇಸರ ಮಾಡಿಕೊಂಡಿದ್ದೆ. ಚಾಪೆ ಒಳಗೆ ಬರಲು ಎಂಟು ತಿಂಗಳು ಹಿಡಿಯಿತು. ಪೂರ್ತಿ ಸರಿ ಹೋಯಿತು ಎಂದು ಹೇಳುವುದಿಲ್ಲ. ಹೊಸ ಮಣ್ಣು ಕಂಡರೆ ಕೊನೆಯವರೆಗೂ ಸುತ್ತು ಹಾಕುತ್ತಿದ್ದರು. ನಾನೂ ಅವರ ಜೊತೆ ಸುತ್ತು ಹಾಕಿ ಬರುತ್ತಿದ್ದೆ.

ಕುಡಿತದ ಬಗ್ಗೆ ಹೇಳಲು ನನಗೆ ಬಾಯಿಲ್ಲ. ಕುಡಿದರೆ ಮಲಗುತ್ತಾರಲ್ಲ ಎಂದು ನಾನೇ ಗ್ಲಾಸು ತೊಳೆದು ಇಡುತ್ತಿದ್ದೆ. ಅದು ನಿದ್ದೆ ಅಲ್ಲ, ಎರಡು ತಾಸಿಗೆ ಎದ್ದು ಕೂರುತ್ತಾರೆ, ಆಮೇಲೆ ಇನ್ನೂ ಕಷ್ಟ. ನೀನು ಹಾಗೆ ಮಾಡಬೇಡ.

ನಿಮ್ಮತ್ತೆ ಸವದತ್ತಿಗೆ ಹೋಗೋಣ, ತಾಯತ ಕಟ್ಟಿಸೋಣ ಎಂದರೆ ಜಗಳ ಆಡಬೇಡ. ಎಲ್ಲಮ್ಮನ ಹತ್ತಿರ ಹೋಗಿಬನ್ನಿ. ಬರುವಾಗ ಡಾಕ್ಟರನ್ನೂ ನೋಡಿ ಬನ್ನಿ. ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ ಇದೆ. ಅಲ್ಲಿಗೆ ಒಪ್ಪದಿದ್ದರೆ 14416 ಎಂದು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ನಂಬರ್ ಇದೆ, ಟೆಲಿ ಮಾನಸ್. ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. 2023ರ ಡಿಸೆಂಬರ್‌ನಲ್ಲಿ ಇಲ್ಲಿ ಪುಣೆಯ ಎಎಫ್‌ಎಂಸಿಯಲ್ಲಿ, ಅಂದರೆ ಸೈನ್ಯದ ಮೆಡಿಕಲ್ ಕಾಲೇಜಿನಲ್ಲಿ, ಸೈನ್ಯದವರಿಗೆ, ಅವರ ಮನೆಯವರಿಗೆ ಎಂದೇ ಅದರ ಒಂದು ವಿಭಾಗ ಶುರು ಮಾಡಿದ್ದಾರೆ. ಅಳಿಯಂದಿರು ಫೋನ್ ಮಾಡದಿದ್ದರೆ ನೀನೇ ಮಾಡು. ನಿನಗೂ ನಿದ್ದೆ ಇಲ್ಲವಲ್ಲ.

ಇನ್ನೊಂದು ಮಾತು, ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ನಿದ್ದೆಯಲ್ಲಿ ಕೈ ಬರುವುದು ಬೇರೆ. ಎಚ್ಚರ ಇದ್ದಾಗ ಕೈ ಎತ್ತುವುದು ಬೇರೆ. ಎರಡನೆಯದು ಆದರೆ ಕಾಯಿಲೆ ಎಂದು ಸಹಿಸಿಕೊಂಡು ಕೂರಬೇಡ. ಪುಟ್ಟಿಯನ್ನು ಎತ್ತಿಕೊಂಡು ಬಸ್ಸು ಹತ್ತು. ಯಾರು ಏನು ಅನ್ನುತ್ತಾರೆ ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ. ಮತ್ತೆ, ಅವರು ‘ನಾನು ಇದ್ದು ಏನು ಪ್ರಯೋಜನ’ ಎನ್ನುವ ಹಾಗೆ ಏನಾದರೂ ಅಂದರೆ ಬೆಳಗಾಗಲಿ ಎಂದು ಕಾಯಬೇಡ. ಒಬ್ಬರನ್ನೇ ಬಿಡಬೇಡ. ಆಗಲೇ ಫೋನ್ ಮಾಡು, ಆ ನಂಬರಿಗೂ, ನನಗೂ.

ಏನೇನೋ ಬರೆದೆ. ನನಗೆ ಓದು ಕಡಿಮೆ, ನನ್ನ ಮನೆಯಲ್ಲಿ ಆದದ್ದು ನಿನ್ನ ಮನೆಯಲ್ಲೂ ಹಾಗೇ ಆಗಬೇಕೆಂದಿಲ್ಲ. ಈ ಕಾಗದ ಅಳಿಯಂದಿರ ಕೈಗೆ ಸಿಕ್ಕರೆ ಸಿಗಲಿ. ಅವರೇ ಓದಿದರೆ ನನಗೆ ಸಂತೋಷವೇ. ಇಲ್ಲಿಗೆ ಕರೆದುಕೊಂಡು ಬಾ. ಆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂರಲಿ, ನಾನು ಏನೂ ಕೇಳುವುದಿಲ್ಲ.

ಮೂರು ಹಾಳೆಯಲ್ಲಿ ಒಂದನ್ನು ಮಾತ್ರ ನೀನು ಬರೆದಿಲ್ಲ. ರಾತ್ರಿ ಪುಟ್ಟಿ ಎಲ್ಲಿ ಮಲಗುತ್ತಾಳೆ? ನಿಮ್ಮಿಬ್ಬರ ನಡುವೆ ಆದರೆ ಇವತ್ತಿನಿಂದಲೇ ಅವಳನ್ನು ಅಜ್ಜಿಯ ಹತ್ತಿರ ಮಲಗಿಸು. ಕಾಗದ ಬರೆಯುತ್ತಾ ಕೂರಬೇಡ, ಕಿರಾಣಿ ಅಂಗಡಿಗೆ ಹೋದಾಗ ಅಲ್ಲಿಂದ ಒಂದು ಫೋನ್ ಮಾಡಿ ಅದನ್ನಷ್ಟು ಹೇಳು.

ನಿನ್ನ
ದೊಡ್ಡವ್ವ