ಶೇಂಗಾ ಹೊಟ್ಟನ್ನೂ ಪರೀಕ್ಷೆ ಮಾಡಿಸಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಶೇಂಗಾ ಬೆಳೆಗಾರ. ನಮ್ಮ ಕಡೆ ಶೇಂಗಾ ಅಂದರೆ ಬರೀ ಕಾಯಿ ಅಲ್ಲ. ಕಾಯಿ ಬಿಡಿಸಿದ ಮೇಲೆ ಉಳಿಯುವ ಒಣ ಎಲೆ, ಬಳ್ಳಿಯ ಹೊಟ್ಟು ದನಕರುಗಳ ಪಾಲು. ಬಣವೆ ಒಟ್ಟಿಟ್ಟರೆ ಬೇಸಿಗೆವರೆಗೂ ಬರುತ್ತದೆ. ಆ ಹೊಟ್ಟಿನ ಬಗ್ಗೆಯೇ ಈ ಪತ್ರ.

ಎಲೆಗೆ ಚುಕ್ಕೆ ಬೀಳುವ ಟಿಕ್ಕಾ ರೋಗ, ತುಕ್ಕು ರೋಗ ಬಂದರೆ ನಾವು ಎಣ್ಣೆ, ಅಂದರೆ ಔಷಧಿ ಹೊಡೆಯುತ್ತೇವೆ. ನಮ್ಮಲ್ಲಿ ಜಾಸ್ತಿ ನಡೆಯುವುದು ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಎಂಬ ಎರಡು ಶಿಲೀಂಧ್ರನಾಶಕ ಕೂಡಿದ ಪುಡಿ. ಹೊಡೆಯದಿದ್ದರೆ ಎಲೆ ಉದುರುತ್ತದೆ, ಆಗ ಕಾಯಿಯೂ ಇಲ್ಲ, ಮೇವೂ ಇಲ್ಲ. ಹೊಡೆಯುವ ರೈತನ ಮೇಲೆ ನನ್ನ ದೂರಿಲ್ಲ. ಆದರೆ ಶೇಂಗಾ ಬೀಜ ಇರುವುದು ಮಣ್ಣಿನೊಳಗೆ, ಸಿಪ್ಪೆಯೊಳಗೆ. ಔಷಧಿ ಬೀಳುವುದು ಎಲೆ ಮೇಲೆ. ಕೀಳುವ ಹೊತ್ತಿಗೂ ಕೆಳಗಿನ ಎಲೆಗಳಲ್ಲಿ ಪುಡಿಯ ಮಸುಕು ಕಲೆ ಕೆಲವೊಮ್ಮೆ ಇರುತ್ತದೆ, ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ನಾವು ತಿನ್ನುವುದು ಬೀಜ. ಎಮ್ಮೆ ತಿನ್ನುವುದು ಆ ಎಲೆ.

ಎಲೆ ಜೊತೆ ಔಷಧಿಯೂ ಒಳಗೆ ಹೋಗಿ ಹೊಟ್ಟೆ ಕೆಡಿಸೀತು ಎಂಬುದು ಸುಮ್ನೆ ಹುಟ್ಟಿದ ಭಯ ಅಲ್ಲ. ಚೀನಾದ ಸಂಶೋಧಕರು ಇಲಿಗಳಿಗೆ ಕಾರ್ಬೆಂಡಜಿಮ್ ತಿನ್ನಿಸಿ ನೋಡಿದ್ದಾರೆ. ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿತು, ಯಕೃತ್ತಿನಲ್ಲಿ ಕೊಬ್ಬಿನ ಲೆಕ್ಕ ಏರುಪೇರಾಯಿತು. ಹಣ್ಣು ಕೊಳೆಯದಂತೆ ಬಳಸುವ ಇಮಜಾಲಿಲ್ ಕೊಟ್ಟಾಗ ದೊಡ್ಡ ಕರುಳಿನಲ್ಲಿ ಉರಿಯೂತವೇ ಕಾಣಿಸಿಕೊಂಡಿತು. ಅಲ್ಲಿ ಕೊಟ್ಟ ಪ್ರಮಾಣ ದೊಡ್ಡದು, ನಮ್ಮ ಮೇವಿಗೆ ಅದನ್ನು ಹಾಗೇ ಹೋಲಿಸಬಾರದು. ಆದರೂ ಇದು ನಡೆಯುವ ಬಗೆ ತಿಳಿಯಬೇಕು. ಒಳ್ಳೆಯ ಬ್ಯಾಕ್ಟೀರಿಯಾಗಳು ನಾರನ್ನು ಒಡೆದು ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಗೆ ಅದೇ ಆಹಾರ. ಆ ಬ್ಯಾಕ್ಟೀರಿಯಾ ಕಡಿಮೆಯಾದರೆ ಗೋಡೆ ಸೊರಗುತ್ತದೆ, ಮೇಲಿನ ಲೋಳೆ ತೆಳುವಾಗುತ್ತದೆ, ಹೊರಗಿರಬೇಕಾದ್ದು ಒಳಗೆ ನುಸುಳಿ ಉರಿಯೂತ ಶುರುವಾಗುತ್ತದೆ.

ಮೆಲುಕು ಹಾಕುವ ಪ್ರಾಣಿಯಲ್ಲಿ ಇನ್ನೂ ಒಂದು ವಿಷಯ ಇದೆ. ಅದರ ದೊಡ್ಡ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಜೊತೆ ಶಿಲೀಂಧ್ರಗಳೂ ಬದುಕುತ್ತವೆ. ಇಂಗ್ಲೆಂಡಿನ ಕಾಲಿನ್ ಆರ್ಪಿನ್ 1975ರಲ್ಲಿ ಕುರಿಯ ಹೊಟ್ಟೆಯಲ್ಲಿ ಇವನ್ನು ಗುರುತಿಸಿದರು. ಗಟ್ಟಿ ದಂಟಿನೊಳಕ್ಕೆ ಬೇರಿನಂಥ ಎಳೆ ಇಳಿಸಿ ಸೀಳುವುದು ಇವುಗಳ ಕೆಲಸ. ನಮ್ಮ ಎಮ್ಮೆಗಳು ಜೋಳದ ಕಣಿಕೆ ತಿಂದು ಹಾಲು ಕೊಡುವುದರಲ್ಲಿ ಇವುಗಳ ಪಾಲೂ ಇದೆ. ಶಿಲೀಂಧ್ರ ಕೊಲ್ಲಲೆಂದೇ ಮಾಡಿದ ಔಷಧಿ ದಿನಾ ಮೇವಿನ ಜೊತೆ ಒಳಗೆ ಹೋದರೆ ಏನಾಗಬಹುದು ಎಂದು ಕೇಳುವುದು ತಪ್ಪಾ?

ಜಂತುಹುಳಕ್ಕೆ ಕೊಡುವ ಅಲ್ಬೆಂಡಜೋಲ್ ಕೂಡ ಕಾರ್ಬೆಂಡಜಿಮ್ ಕುಟುಂಬದ್ದೇ. ಅದನ್ನು ಕೊಡುವಾಗ ಪಶುವೈದ್ಯರು ದನದ ತೂಕ ಅಂದಾಜಿಸುತ್ತಾರೆ, ಗಬ್ಬ ಇದೆಯಾ ಕೇಳುತ್ತಾರೆ. ಹೊಟ್ಟಿನ ಜೊತೆ ಹೋಗುವುದಕ್ಕೆ ಯಾವ ಅಳತೆಯೂ ಇಲ್ಲ. ಅಮೆರಿಕದಲ್ಲಿ ಶೇಂಗಾಕ್ಕೆ ಹೊಡೆಯುವ ಕ್ಲೋರೋಥಲೋನಿಲ್ ಡಬ್ಬಿಯ ಮೇಲೆ, ಹೊಡೆದ ಹೊಲದ ಹೊಟ್ಟನ್ನು ದನಗಳಿಗೆ ಹಾಕಬೇಡಿ ಎಂದೇ ಬರೆದಿರುತ್ತದೆ. ನಮ್ಮೂರಿನ ಗೊಬ್ಬರದಂಗಡಿಯಲ್ಲಿ ಇಂಥ ಮಾತು ನಾನು ಕೇಳಿಲ್ಲ.

ಸಾಹೇಬ್ರೇ, ನಾನು ಔಷಧಿ ನಿಷೇಧಿಸಿ ಎನ್ನುತ್ತಿಲ್ಲ. ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಇಬ್ಬರನ್ನೂ ಕೂಡಿಸಿ. ಗದಗ, ಧಾರವಾಡ, ಹಾವೇರಿ ಹಳ್ಳಿಗಳಿಂದ ಹೊಟ್ಟು, ಹಾಲು, ಸಗಣಿ ತೆಗೆದು ಪರೀಕ್ಷೆ ಮಾಡಿಸಿ. ಕೊನೆಯ ಸಲ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಮೇವು ಹಾಕಬೇಕು, ಯಾವ ಔಷಧಿ ಹೊಡೆದರೆ ಹಾಕಲೇಬಾರದು ಎಂಬುದನ್ನು ಪ್ರತಿ ಗೊಬ್ಬರದಂಗಡಿ, ಪಶು ಆಸ್ಪತ್ರೆಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ಮುಂಗಾರಿನ ಶೇಂಗಾ ಕೀಳುವುದರೊಳಗೆ ಆದೇಶ ಬರಲಿ. ಮೊದಲ ಮಾದರಿ ನಮ್ಮ ಬಣವೆಯಿಂದಲೇ ತೆಗೆಯಬಹುದು.

ಇಂತಿ,
ಲಕ್ಷ್ಮೇಶ್ವರ ತಾಲ್ಲೂಕಿನ ಒಬ್ಬ ರೈತ