ಹಳೆಯ ಪುಸ್ತಕ ಮರಳಿ ಕೊಳ್ಳುವ ದರದಲ್ಲಿ ಬದಲಾವಣೆ: ಕರಾರು ಕಾನೂನು ಮತ್ತು ಬಜೆಟ್ ಪುಸ್ತಕಗಳ ಬಗ್ಗೆ

ಆತ್ಮೀಯ ಸದಸ್ಯರೇ, ಗ್ರಾಹಕರೇ,

ಬರುವ ಜೂನ್ 1ರಿಂದ ನಮ್ಮ ಸಹಕಾರಿ ಪುಸ್ತಕ ಮಳಿಗೆಯಲ್ಲಿ ಹಳೆಯ ಪಠ್ಯಪುಸ್ತಕಗಳನ್ನು ಮರಳಿ ಕೊಳ್ಳುವ ನಿಯಮ ಬದಲಾಗುತ್ತಿದೆ. ಇಲ್ಲಿಯವರೆಗೆ ಯಾವುದೇ ವಿಷಯದ ಪುಸ್ತಕವಿರಲಿ, ಮೂರು ವರ್ಷದೊಳಗೆ ತಂದುಕೊಟ್ಟರೆ ಮುಖಬೆಲೆಯ ಅರ್ಧ ಕೊಡುತ್ತಿದ್ದೆವು. ಇನ್ನು ಮುಂದೆ ಕರಾರು (ಕಾಂಟ್ರ್ಯಾಕ್ಟ್) ಕಾನೂನಿನ ಪುಸ್ತಕಗಳಿಗೆ ಒಂದು ಲೆಕ್ಕ, ಸರ್ಕಾರದ ಬಜೆಟ್ ಮತ್ತು ಸಾರ್ವಜನಿಕ ಹಣಕಾಸಿನ ಪುಸ್ತಕಗಳಿಗೆ ಇನ್ನೊಂದು ಲೆಕ್ಕ. ಉಳಿದ ವಿಷಯಗಳಿಗೆ ಹಳೆಯ ನಿಯಮವೇ.

ಈ ಎರಡು ಬಗೆಯ ಪುಸ್ತಕಗಳು ಹಳತಾಗುವ ವೇಗ ಒಂದೇ ಅಲ್ಲ. ದರ ಒಂದೇ ಇದ್ದದ್ದರಿಂದ ಬಜೆಟ್ ಪುಸ್ತಕಗಳು ನಮ್ಮ ಕಪಾಟಿನಲ್ಲೇ ಉಳಿದವು; ಕಾಂಟ್ರ್ಯಾಕ್ಟ್ ಪುಸ್ತಕ ಹುಡುಕಿಕೊಂಡು ಬಂದವರು ಬರಿಗೈಯಲ್ಲಿ ಹೋದರು.

ಭಾರತೀಯ ಕರಾರು ಕಾಯ್ದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಅಪ್ರಾಪ್ತ ವಯಸ್ಕರು ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯ, ಅಂದರೆ ಕಾನೂನಿನಲ್ಲಿ ನಿಲ್ಲದ್ದು ಎಂದು, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿತು. ಇಂದಿನ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಅದನ್ನೇ ಬರೆಯಬೇಕು. ಅಣ್ಣ ಓದಿದ ಪುಸ್ತಕ ತಮ್ಮನಿಗೆ ಧಾರಾಳವಾಗಿ ನಡೆಯುತ್ತದೆ.

ಹೊಸದಾಗಿ ಲಾ ಸೇರಿದವರು ಯಾರಾದರೂ ಒಬ್ಬರು ಪ್ರತಿ ವರ್ಷ ಕೌಂಟರಿಗೆ ಬಂದು, "ಸರ್, ಇದರಾಗ ಹಾಳಿ ಕಿತ್ತು ಹೋಗ್ಯಾವ್ರಿ" ಎನ್ನುತ್ತಾರೆ. ತೆರೆದು ನೋಡಿದರೆ 75ನೇ ಕಲಂ ಆದಮೇಲೆ ಸೀದಾ 124. ಹಾಳೆ ಹೋಗಿಲ್ಲ. 76ರಿಂದ 123ರವರೆಗಿನ ಕಲಮುಗಳಲ್ಲಿ ಸರಕು ಮಾರಾಟದ ನಿಯಮಗಳಿದ್ದವು. 1930ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂದಾಗ ಇವು ರದ್ದಾದವು. ಕೊನೆಯಲ್ಲಿದ್ದ ಪಾಲುದಾರಿಕೆಯ ಭಾಗ, ಅಂದರೆ 239ರಿಂದ 266, ಅದೇ ರೀತಿ 1932ರಲ್ಲಿ ಹೊರಬಿತ್ತು. ಉಳಿದ ಕಲಮುಗಳಿಗೆ ಮರುಸಂಖ್ಯೆ ಕೊಡಲಿಲ್ಲ. ಹಾಗಾಗಿ ಈ ಕಾರಣಕ್ಕೆ ಪುಸ್ತಕ ಬದಲಿಸಿ ಕೊಡಿ ಎಂದರೆ, ಬದಲಿ ಪುಸ್ತಕದಲ್ಲೂ ಅಷ್ಟೇ ಇರುತ್ತದೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಅನೇಕ ಪುಸ್ತಕಗಳಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಯೂ ಸೇರಿರುತ್ತದೆ. ಕರಾರು ಮುರಿದವರಿಗೆ ಕರಾರಿನಂತೆ ನಡೆದುಕೊಳ್ಳಿ ಎಂದು ಈ ಕಾಯ್ದೆಯಡಿ ಆದೇಶಿಸುವುದು ಮೊದಲು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ತಿದ್ದುಪಡಿ ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಅದಕ್ಕಿಂತ ಹಿಂದಿನ ಮುದ್ರಣದಲ್ಲಿ ಆ ಅಧ್ಯಾಯ ಓದಿದರೆ ಉತ್ತರ ತಪ್ಪಾಗುವುದು ಖಂಡಿತ.

ಇನ್ನು ಬಜೆಟ್. ಈಚೆಗೆ ಒಬ್ಬರು ತಂದ ಪುಸ್ತಕ ನೋಡಲು ಹೊಸದರಂತಿತ್ತು. ಪೆನ್ಸಿಲ್ ಗೆರೆಯಿಲ್ಲ, ಹೊಲಿಗೆ ಬಿಟ್ಟಿಲ್ಲ. ಒಳಗೆ ಮಾತ್ರ ಕೇಂದ್ರ ಬಜೆಟ್ ಫೆಬ್ರವರಿ ಕೊನೆಗೆ ಮಂಡನೆಯಾಗುತ್ತದೆ, ರೈಲ್ವೆಗೆ ಬೇರೆ ಬಜೆಟ್ ಇದೆ, ವೆಚ್ಚದಲ್ಲಿ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂದು ಎರಡು ಬಗೆ ಎಂದಿತ್ತು. 2017-18ರ ಬಜೆಟ್‌ನಿಂದ ಈ ಮೂರೂ ಬದಲಾಗಿವೆ: ಮಂಡನೆ ಫೆಬ್ರವರಿ 1ಕ್ಕೆ ಬಂತು, 1924ರಿಂದ ಬೇರೆಯೇ ಇದ್ದ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್‌ನೊಳಗೆ ಸೇರಿತು, ವೆಚ್ಚದ ಆ ವಿಂಗಡಣೆ ಹೋಯಿತು. ಅದೇ ವರ್ಷದ ಜುಲೈ 1ರಂದು ಜಿಎಸ್‌ಟಿ ಬಂದು ತೆರಿಗೆಯ ಅಧ್ಯಾಯವನ್ನೂ ಹಳೆಯದು ಮಾಡಿತು. ಕೆಎಎಸ್‌ಗೆ ಓದುವವರ ಕೈಗೆ ಇಂಥದ್ದನ್ನು ಅರ್ಧ ಬೆಲೆಗಾದರೂ ಕೊಡಲು ನಮಗೆ ಮನಸ್ಸಿಲ್ಲ.

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ; ಆಯೋಗ ಬದಲಾದಾಗೆಲ್ಲ ಈ ಹಂಚಿಕೆಯ ಅಂಕಿಗಳೂ ಬದಲಾಗುತ್ತವೆ. ರಾಜ್ಯಗಳ ಒಟ್ಟು ಪಾಲು ಶೇ 42 ಇದ್ದದ್ದು 15ನೇ ಆಯೋಗದಲ್ಲಿ ಶೇ 41 ಆಯಿತು. ಅದರಲ್ಲಿ ಕರ್ನಾಟಕದ ಭಾಗ ಶೇ 4.713ರಿಂದ 3.647ಕ್ಕೆ ಇಳಿಯಿತು. 16ನೇ ಆಯೋಗದ ಅವಧಿ 2026ರ ಏಪ್ರಿಲ್ 1ರಿಂದ. ಅಂದರೆ 15ನೇ ಆಯೋಗದ ಅಂಕಿಗಳಿರುವ ಪುಸ್ತಕಗಳೂ ಈಗ ಹಳೆಯ ಸಾಲಿಗೆ ಸೇರುತ್ತವೆ. ಹಾಗೆಂದು ಎಲ್ಲವೂ ರದ್ದಿಯಲ್ಲ. ಕೇಂದ್ರ ಮತ್ತು ರಾಜ್ಯ ಬಜೆಟ್, ಸಂಚಿತ ನಿಧಿ, ತುರ್ತು ನಿಧಿಗಳ ಬಗೆಗಿನ ಸಂವಿಧಾನದ 112, 202, 266, 267ನೇ ವಿಧಿಗಳ ವಿವರಣೆ ಹಳೆಯ ಪುಸ್ತಕಗಳಲ್ಲೇ ಎಷ್ಟೋ ಸಲ ಚೆನ್ನಾಗಿರುತ್ತದೆ. ಹೊಸ ಗೈಡುಗಳು ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಹೊಸ ದರ ಹೀಗಿದೆ. ಕರಾರು ಕಾನೂನಿನ ಪುಸ್ತಕ 2018ರ ತಿದ್ದುಪಡಿ ಸೇರಿಸಿಕೊಂಡಿದ್ದು ಹಾಳೆಗಳೆಲ್ಲ ಇದ್ದರೆ, ಎಷ್ಟೇ ವರ್ಷವಾಗಿರಲಿ, ಮುಖಬೆಲೆಯ ಅರ್ಧ. ಅದಕ್ಕಿಂತ ಹಿಂದಿನ ಮುದ್ರಣಕ್ಕೆ ಕಾಲು ಭಾಗ. ಬಜೆಟ್ ಪುಸ್ತಕವನ್ನು ಕೊಂಡ ಹಣಕಾಸು ವರ್ಷದೊಳಗೇ, ಅಂದರೆ ಮಾರ್ಚ್ 31ರೊಳಗೆ ತಂದರೆ ಅರ್ಧ; ಆಮೇಲೆ ಕಾಲು ಭಾಗ. 2017ಕ್ಕಿಂತ ಹಿಂದಿನವನ್ನು ಹಣ ಕೊಟ್ಟು ಕೊಳ್ಳುವುದಿಲ್ಲ. ಬಿಟ್ಟುಹೋಗಲು ಒಪ್ಪಿದರೆ ಮಳಿಗೆಯ ಓದುವ ಮೇಜಿನ ಪಕ್ಕ ಇಡುತ್ತೇವೆ. ನಾವು ಮಾರುವ ಪ್ರತಿ ಹಳೆಯ ಬಜೆಟ್ ಪುಸ್ತಕದೊಳಗೆ, ಯಾವ ಅಧ್ಯಾಯದಲ್ಲಿ ಏನು ಬದಲಾಗಿದೆ ಎಂದು ಬರೆದ ಚೀಟಿ ಇರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ.

ಜೂನ್ 1ಕ್ಕೆ ಮೊದಲು ಕೊಂಡವರಿಗೆ ಹಳೆಯ ನಿಯಮವೇ ನಡೆಯುತ್ತದೆ. ರಸೀದಿಯ ಹಿಂದೆ "ಮೂರು ವರ್ಷದೊಳಗೆ ಅರ್ಧ ಬೆಲೆ" ಎಂದು ಅಚ್ಚು ಮಾಡಿಸಿದವರು ನಾವೇ. ಕರಾರನ್ನು ಬದಲಿಸಲು ಎರಡೂ ಕಡೆಯವರ ಒಪ್ಪಿಗೆ ಬೇಕು ಎನ್ನುವುದು ನಾವೇ ಮಾರುವ ಪುಸ್ತಕದ 62ನೇ ಕಲಂ. ರಸೀದಿ ಕಳೆದುಹೋಗಿದ್ದರೆ ಸದಸ್ಯತ್ವದ ಸಂಖ್ಯೆ ಹೇಳಿ, ಲೆಡ್ಜರ್‌ನಲ್ಲಿ ಹುಡುಕುತ್ತೇವೆ. ತುಸು ಹೊತ್ತು ಹಿಡಿಯುತ್ತದೆ. ಪರೀಕ್ಷೆ ಮುಗಿದ ವಾರ ಸಂಜೆ ಬಹಳ ಗದ್ದಲವಿರುವುದರಿಂದ ಆದಷ್ಟು ಬೆಳಿಗ್ಗೆಯೇ ಬನ್ನಿ.

ಇಂತಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)